ಕೈಯಾರೆ ಸೇರಿಸಿದ ಸಾಲುಗಳು

ಮನೆಯಲ್ಲಿ ಕೂತು ಆಫೀಸಿನ ಕೆಲಸ ಮಾಡಬಹುದು ಎನ್ನುವುದನ್ನು ಫಿರ್ದೌಸಳ ಅತ್ತೆ ಜೊಹರಾ ಒಪ್ಪಿರಲಿಲ್ಲ. ವರ್ಷಗಳಿಂದ ಕಣ್ಣೆದುರೇ ನಡೆಯುತ್ತಿದ್ದರೂ ಒಪ್ಪಿರಲಿಲ್ಲ.

"ಕೆಲಸ ಅಂದ್ರೆ ಬೆಳಿಗ್ಗೆ ಹೋಗಬೇಕು, ಸಂಜೆ ಬರಬೇಕು. ನಮ್ಮ ಮುಜೀಬ ಹೋಗ್ತಾನೆ, ಬರ್ತಾನೆ. ನೀನು ಹೋಗೋದೂ ಇಲ್ಲ, ಬರೋದೂ ಇಲ್ಲ. ಸುಸ್ತು ಮಾತ್ರ ಅವನಿಗಿಂತ ನಿಂಗೇ ಜಾಸ್ತಿ," ಎನ್ನುತ್ತ ಚಹಾದ ಲೋಟವನ್ನು ಲ್ಯಾಪ್‌ಟಾಪಿನ ಪಕ್ಕ ಇಡುತ್ತಿದ್ದಳು. ಇಡುವಾಗ ಕೆಳಗೊಂದು ಹಳೆಯ ಬಟ್ಟೆಯ ಚೂರು ಹಾಕುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಒಪ್ಪದಿದ್ದರೂ, ಸೊಸೆಯ ಯಂತ್ರದ ಮೇಲೆ ಚಹಾ ಚೆಲ್ಲಬಾರದು ಎನ್ನುವಷ್ಟು ಮರ್ಯಾದೆ ಅವಳಿಗಿತ್ತು.

ಮನೆ ಯಲ್ಲಾಪುರದಲ್ಲಿ, ಆಫೀಸು ಶಿರಸಿಯಲ್ಲಿ. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಆಚೆ, ಒಂದು ಟಯರ್ ಅಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆ. ಅದನ್ನು ನಡೆಸುತ್ತಿದ್ದವನು ಸತೀಶ. ಅಂಗಡಿಯವರಿಗೆ, ಸೊಸೈಟಿಯವರಿಗೆ, ಪಾರ್ಸೆಲ್ ಸರ್ವಿಸಿನವರಿಗೆ ಬೇಕಾದ ಪ್ರೋಗ್ರಾಂ ಬರೆದುಕೊಡುವುದು ಅವನ ವ್ಯವಹಾರ. ಮದುವೆಗೆ ಮುಂಚೆ ಫಿರ್ದೌಸ್ ಅಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಯಲ್ಲಾಪುರಕ್ಕೆ ಸೊಸೆಯಾಗಿ ಬಂದ ಮೇಲೂ ಕೆಲವು ಕಾಲ ಬಸ್ಸು ಹತ್ತಿ ಹೋಗಿಬಂದಳು. ಸಮೀನಾ ಹುಟ್ಟಿದ ಮೇಲೆ ಅದು ಸಾಗಲಿಲ್ಲ. ಮಗುವಿಗೆ ಆಗಾಗ ಉಬ್ಬಸ ಏಳುತ್ತಿತ್ತು. ಎದ್ದಾಗ ಔಷಧಿಯ ಜೊತೆಗೆ ಅಮ್ಮನ ಹೆಗಲೂ ಬೇಕು; ಅಜ್ಜಿಯ ಹೆಗಲು, ಅಪ್ಪನ ಹೆಗಲು ಯಾವುದೂ ಆಗದು. ಇದನ್ನೆಲ್ಲ ಹೇಳಿಕೊಂಡಾಗ ಸತೀಶ ತಲೆ ಕೆರೆದುಕೊಂಡು, "ಮನೆಯಿಂದಲೇ ಮಾಡಿ ನೋಡಿ. ನಡೀತಾ ಹೋದ್ರೆ ನಡೀಲಿ," ಎಂದಿದ್ದ. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಈಗ ಸಮೀನಾಗೆ ಮೂರು ವರ್ಷ. ಕೆಲಸ ನಡೆಯುತ್ತ ಬಂದಿತ್ತು.

ಅವಳ ಕೈಯಲ್ಲಿದ್ದ ದೊಡ್ಡ ಕೆಲಸವೆಂದರೆ ಪಾರ್ಸೆಲ್ ಸರ್ವಿಸಿನದು. ಗಂಡ ಮುಜೀಬ ವ್ಯಾನು ಓಡಿಸುತ್ತಿದ್ದದ್ದೂ ಅದೇ ಸರ್ವಿಸಿಗೆ. ಬೆಳಿಗ್ಗೆ ಯಲ್ಲಾಪುರದಿಂದ ಹೊರಟು ಶಿರಸಿಯ ಗೋದಾಮಿನಲ್ಲಿ ಪಾರ್ಸೆಲ್ ತುಂಬಿಕೊಂಡು ಸಿದ್ದಾಪುರಕ್ಕೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ತಿರುಗಿ ಬರುವುದು. ಎಲ್ಲಿ ಯಾವ ಪಾರ್ಸೆಲ್ ಇಳಿಸಬೇಕು ಎಂದು ಹೇಳುವುದು ಹೆಂಡತಿ ಬರೆದ ಪ್ರೋಗ್ರಾಂ. "ಮನೇಲೂ ನಿನ್ನ ಮಾತೇ ಕೇಳಬೇಕು, ರಸ್ತೇಲೂ ನಿನ್ನ ಮಾತೇ ಕೇಳಬೇಕು. ಹಾರ್ನು ಹೊಡೆಯೋದಾದ್ರೂ ನನ್ನಿಷ್ಟಕ್ಕೆ ಬಿಡು," ಎಂದು ಅವನು ನಗುತ್ತಿದ್ದ.

ಹುಬ್ಬಳ್ಳಿಯಿಂದ ಪಾರ್ಸೆಲ್ ಬರುವುದಕ್ಕಿಂತ ಮುಂಚೆ ಅದರ ವಿವರ ಬರುತ್ತದೆ. ಅಲ್ಲಿನ ದೊಡ್ಡ ಕಂಪನಿಯ ಕಂಪ್ಯೂಟರು ಅದನ್ನು ಎಕ್ಸ್‌ಎಂಎಲ್ ಎಂಬ ರೀತಿಯಲ್ಲಿ ಬರೆದು ಕಳಿಸುತ್ತದೆ. ಪಡೆಯುವವರ ಹೆಸರು, ಊರು, ತೂಕ, ಷರಾ, ಹೀಗೆ ಒಂದೊಂದು ಸಂಗತಿಗೂ ಹಿಂದೊಂದು ಮುಂದೊಂದು ಚೀಟಿ ಅಂಟಿಸಿದ ಹಾಗೆ. ಯಾವ ಚೀಟಿ ಇರಲೇಬೇಕು, ಯಾವುದು ಇಲ್ಲದಿದ್ದರೂ ನಡೆಯುತ್ತದೆ, ಊರು ಎಂಬ ಚೀಟಿಯ ಒಳಗೆ ಯಾವ ಯಾವ ಊರಿನ ಹೆಸರು ಬರಬಹುದು ಎಂಬ ಕಟ್ಟಳೆಯೆಲ್ಲ ಸ್ಕೀಮಾ ಎಂಬ ಇನ್ನೊಂದು ಫೈಲಿನಲ್ಲಿರುತ್ತದೆ. ಆ ಸ್ಕೀಮಾವನ್ನು ಒಂದು ಟೂಲಿನ ಬಾಯಿಗೆ ಕೊಟ್ಟರೆ, ಪಾರ್ಸೆಲ್ಲಿಗೊಂದು ಕ್ಲಾಸು, ವಿಳಾಸಕ್ಕೊಂದು ಕ್ಲಾಸು ಎಂದು ಪ್ರೋಗ್ರಾಮಿಗೆ ಬೇಕಾದ ತುಂಡುಗಳನ್ನು ಅದೇ ಬರೆದುಹಾಕುತ್ತದೆ. ಚಕ್ಕುಲಿ ಒರಳಿನಂತೆ; ಬಿಲ್ಲೆಯಲ್ಲಿ ಯಾವ ತೂತೋ ಹೊರಗೆ ಬರುವುದು ಅದೇ ಆಕಾರ. ಒತ್ತಿದ ಮೇಲೆ ಒಂದು ಚಕ್ಕುಲಿಯನ್ನು ಕೈಯಿಂದ ತಿದ್ದಿ ಹೂವಿನ ಹಾಗೆ ಮಾಡಬಹುದು. ಆದರೆ ಮುಂದಿನ ಚಕ್ಕುಲಿ ಬಿಲ್ಲೆ ಹೇಳಿದ ಹಾಗೆಯೇ ಬೀಳುತ್ತದೆ.

ಹುಬ್ಬಳ್ಳಿಯವರ ಸ್ಕೀಮಾದಲ್ಲಿ ಈ ಕಡೆಯ ಊರುಗಳೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಅಷ್ಟೇ. ಆದರೆ ಕಾನಸೂರಿನವರ ಪಾರ್ಸೆಲ್ ಯಾವತ್ತೂ ಸಿದ್ದಾಪುರದವರೆಗೆ ಹೋದದ್ದಿಲ್ಲ. ದಾರಿಯಲ್ಲೇ ಮಂಜನ ಅಂಗಡಿಯಲ್ಲಿ ಇಳಿಯುತ್ತದೆ. ಮಂಜ ಅದನ್ನು ಬೀಡಿ ಬಿಸ್ಕತ್ತುಗಳ ಹಿಂದೆ ಎತ್ತಿಟ್ಟು, ಬಂದವರಿಗೆ ಕೊಡುತ್ತಾನೆ. ಬಾರದವರಿಗೆ ಹೇಳಿಕಳಿಸುತ್ತಾನೆ. ಅಪ್ಪಂದಿರ ಕಾಲದಲ್ಲಿ ಬಸ್ಸಿನ ಕಂಡಕ್ಟರುಗಳು ಹೀಗೇ ದಾರಿಬದಿಯ ಅಂಗಡಿಗಳಿಗೆ ಗಂಟು ಇಳಿಸಿಹೋಗುತ್ತಿದ್ದರಂತೆ. ಪಾರ್ಸೆಲ್ ವ್ಯಾನು ಬಂದ ಮೇಲೂ ರೂಢಿ ಬದಲಾಗಲಿಲ್ಲ. ಹುಬ್ಬಳ್ಳಿಯಲ್ಲಿ ಬುಕ್ ಮಾಡುವವರು ಊರು ಎಂಬಲ್ಲಿ ಸಿದ್ದಾಪುರ ಎಂದು ಹಾಕಿಸಿ, ಷರಾದಲ್ಲಿ 'ಕಾನಸೂರು, ಮಂಜನ ಅಂಗಡಿ' ಎಂದು ಬರೆಸುತ್ತಿದ್ದರು. ಇದು ಇಲ್ಲಿಯವರಿಗೆಲ್ಲ ಎಷ್ಟು ಗೊತ್ತಿದ್ದ ಮಾತೆಂದರೆ, ಹುಬ್ಬಳ್ಳಿಯ ಕಂಪನಿಗೆ ಹೇಳಬೇಕು ಎಂದು ಯಾರಿಗೂ ಅನಿಸಿರಲಿಲ್ಲ. ಫಿರ್ದೌಸಳಿಗೂ ಅನಿಸಿರಲಿಲ್ಲ.

ಹಿಂದಿನ ವರ್ಷ ಒಂದು ದಿನ, ಮಗುವನ್ನು ಹೆಗಲಿಗೆ ಹಾಕಿಕೊಂಡು ಒಂದೇ ಕೈಯಲ್ಲಿ ಟೈಪು ಮಾಡುತ್ತ, ಅವಳು ಟೂಲು ಬರೆದಿದ್ದ ಪಾರ್ಸೆಲ್ ಕ್ಲಾಸನ್ನೇ ತೆರೆದು ಕೆಲವು ಸಾಲು ಸೇರಿಸಿಬಿಟ್ಟಿದ್ದಳು. ಷರಾದಲ್ಲಿ ಕಾನಸೂರು ಎಂದಿದ್ದರೆ, ಊರು ಯಾವುದೆಂದು ಕೇಳಿದಾಗ ಸಿದ್ದಾಪುರ ಎನ್ನಬೇಡ, ಕಾನಸೂರು ಎನ್ನು. ಆ ಫೈಲಿನ ನೆತ್ತಿಯ ಮೇಲೆ ಟೂಲು ತಾನಾಗಿ ಒಂದು ಎಚ್ಚರಿಕೆ ಬರೆದಿರುತ್ತದೆ: ಇದು ಯಂತ್ರ ಬರೆದದ್ದು, ತಿದ್ದಬೇಡಿ, ಮತ್ತೆ ಬರೆಸಿದಾಗ ನಿಮ್ಮ ತಿದ್ದುಪಡಿ ಉಳಿಯುವುದಿಲ್ಲ. ಪೋಸ್ಟರ್ ಅಂಟಿಸಬಾರದು ಎಂದು ಬರೆದ ಗೋಡೆಯ ಮೇಲೇ ಎಲ್ಲರೂ ಪೋಸ್ಟರ್ ಅಂಟಿಸುವ ಹಾಗೆ, ಅವಳೂ ಅಂಟಿಸಿದಳು. ಮಗು ನಿದ್ದೆಹೋಯಿತು. ಪ್ರೋಗ್ರಾಂ ಸರಿಯಾಗಿ ಓಡಿತು. ಅವಳು ಮರೆತಳು.

*

ಮಂಗಳವಾರ ಮಧ್ಯಾಹ್ನ ಸಮೀನಾಳಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಾಗ ಮುಜೀಬನ ಫೋನು ಬಂತು. ಹಿಂದೆ ಬಸ್ಸಿನ ಸದ್ದು, ಯಾರೋ ಜೋರಾಗಿ ಮಾತಾಡುವ ಸದ್ದು.

"ಫಿರ್ದೌಸ್, ಕಾನಸೂರಲ್ಲಿದ್ದೀನಿ. ಇವತ್ತು ಕಾನಸೂರಿಗೆ ಒಂದೂ ಪಾರ್ಸೆಲ್ ಇಲ್ಲ ಅಂತ ತೋರಿಸ್ತಾ ಇದೆಯಲ್ಲ?"

"ಇಲ್ಲದಿದ್ರೆ ಇಲ್ಲ. ದಿನಾ ಇರಬೇಕಂತ ಇದೆಯಾ?"

"ಇಲ್ಲಿ ಗಂಗಜ್ಜಿ ಕನ್ನಡಕಕ್ಕೆ ಕಾದು ಕೂತಿದ್ದಾಳೆ. ಇವತ್ತು ಬರುತ್ತೆ ಅಂತ ಅವಳ ಮೊಬೈಲಿಗೆ ಮೆಸೇಜು ಬಂದಿದೆ. ನೀನೇ ಮಾತಾಡು, ಮಂಜ ನನ್ನ ತಲೆ ತಿಂತಾ ಇದ್ದಾನೆ."

ಮಂಜನ ದನಿ ಬಂತು. "ತಂಗಿ, ಎಂತ ಕಥೆ ಇದು? ನಿನ್ನ ಗಂಡ ಬರಿಗೈಲಿ ಬಂದು ಚಾ ಕುಡಿದು ಹೊರಟ. ಗಂಗಜ್ಜಿ ನನ್ನ ಅಂಗಡಿ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ನೀ ಯಾರು ಅಂತ ಕೇಳ್ತಾ ಇದ್ದು. ಗಿರಾಕಿಗಳು ನಂಗೇ ಬೈತ್ರು."

ಫಿರ್ದೌಸ್ ನಗಲು ಹೋದಳು, ನಗು ಅರ್ಧಕ್ಕೇ ನಿಂತಿತು. ಎಡಗೈಯಲ್ಲಿ ಲ್ಯಾಪ್‌ಟಾಪು ತೆರೆದಳು. ಗಂಗಜ್ಜಿಯ ಕನ್ನಡಕ ಇತ್ತು. ಊರು: ಸಿದ್ದಾಪುರ. ಕಾನಸೂರಿನವರ ಉಳಿದ ಪಾರ್ಸೆಲ್ಲುಗಳೂ ಹಾಗೇ. ಗೋದಾಮಿನವರು ತಪ್ಪು ಮಾಡಿರಲಿಲ್ಲ. ಪ್ರೋಗ್ರಾಂ ಹೇಳಿದಂತೆ ಎಲ್ಲವನ್ನೂ ಸಿದ್ದಾಪುರದ ಚೀಲಕ್ಕೆ ಹಾಕಿ ಬಾಯಿ ಹೊಲಿದಿದ್ದರು. ಹೊಲಿದ ಚೀಲವನ್ನು ದಾರಿಯಲ್ಲಿ ಬಿಚ್ಚುವಂತಿಲ್ಲ.

"ರೀ, ಸಿದ್ದಾಪುರದಲ್ಲಿ ಚೀಲ ಬಿಚ್ಚಿದ ಕೂಡಲೇ ಕಾನಸೂರಿನವನ್ನು ಬೇರೆ ಮಾಡಿಕೊಳ್ಳಿ. ಬರುವಾಗ ಕೊಟ್ಟು ಬನ್ನಿ. ಅಜ್ಜಿಗೆ ಸಂಜೆಯವರೆಗೆ ಕಾಯೋಕೆ ಹೇಳಿ."

"ಅಜ್ಜಿ ಕಾಯ್ತಾಳೆ. ಮಂಜ ಕಾಯಲ್ಲ," ಎಂದು ಮುಜೀಬ ಫೋನು ಇಟ್ಟ.

ತುತ್ತಿಗಾಗಿ ಬಾಯಿ ತೆರೆದುಕೊಂಡು ಕೂತಿದ್ದ ಸಮೀನಾಳಿಗೆ ಉಳಿದ ಅನ್ನವನ್ನು ತಿನ್ನಿಸಿ, ಬಾಯಿ ಒರೆಸಿ, ಫಿರ್ದೌಸ್ ಪಾರ್ಸೆಲ್ ಕ್ಲಾಸನ್ನು ತೆರೆದಳು. ಅವಳ ಸಾಲುಗಳಿರಲಿಲ್ಲ. ಫೈಲು ಹೊಸದಾಗಿತ್ತು, ಚೊಕ್ಕಟವಾಗಿತ್ತು. ಹುಬ್ಬಳ್ಳಿಯವರು ಸ್ಕೀಮಾಕ್ಕೆ ಏನೋ ಒಂದು ಸಂಗತಿ ಸೇರಿಸಿ ಕಳಿಸಿದ್ದರು. ಶಿರಸಿಯ ಆಫೀಸಿನಲ್ಲಿ ಹೊಸದಾಗಿ ಸೇರಿದ ಕಾವ್ಯಶ್ರೀ ಸೋಮವಾರ ಸಂಜೆ ಟೂಲನ್ನು ಓಡಿಸಿ ಕ್ಲಾಸುಗಳನ್ನು ಮತ್ತೆ ಬರೆಸಿದ್ದಳು. ಅವಳು ಮಾಡಿದ್ದು ಪೂರ್ತಿ ಸರಿ. ಅದೇ ಕ್ರಮ.

ಯಾರನ್ನು ಬೈಯುವುದು ಎಂದು ಹುಡುಕಿದರೆ ಸಿಕ್ಕಿದವಳು ತಾನೊಬ್ಬಳೇ.

*

ಸತೀಶನಿಗೆ ಸುದ್ದಿ ಮುಟ್ಟಿತ್ತು. ಮಾರನೆಯ ದಿನ ಬೆಳಿಗ್ಗೆ ಫೋನು ಮಾಡಿದ. ಅವನು ಕೂಗಾಡುವವನಲ್ಲ. ಸಿಟ್ಟು ಬಂದರೆ ದನಿ ಇನ್ನೂ ಸಣ್ಣದಾಗುತ್ತಿತ್ತು.

"ಫಿರ್ದೌಸ್ ಅವ್ರೇ, ಕಾವ್ಯಶ್ರೀಗೆ ನೀವು ಹೇಳಿರಲಿಲ್ಲವಾ, ಕ್ಲಾಸಿನ ಒಳಗೆ ನಮ್ಮ ಸಾಲು ಇದೆ ಅಂತ?"

"ಇಲ್ಲ, ಸತೀಶಣ್ಣ. ನಂಗೇ ನೆನಪಿರಲಿಲ್ಲ."

"ನೋಡಿ, ನಾನು ಹೇಳೋದು ಇದನ್ನೇ. ನೀವು ಇಲ್ಲಿ ಅವಳ ಪಕ್ಕದಲ್ಲಿ ಕೂತಿದ್ರೆ, ಅವಳು ಟೂಲು ಓಡಿಸೋವಾಗ, ಏ ನಿಲ್ಲು ಅಂತಿದ್ರಿ. ಅಲ್ಲಿ ಕೂತು ಎಂತ ಗೊತ್ತಾಗ್ತದೆ ನಿಮಗೆ? ಅರ್ಧ ಕೆಲಸ ಕಂಪ್ಯೂಟರಲ್ಲಿ, ಅರ್ಧ ನಿಮ್ಮ ತಲೇಲಿ. ತಲೆ ಯಲ್ಲಾಪುರದಲ್ಲಿ." ಮತ್ತೆ ಹೇಳಿದ, "ನಂಗೂ ಮಕ್ಕಳಿದ್ದಾರೆ, ಕಷ್ಟ ಗೊತ್ತು. ಆದ್ರೆ ಸೋಮವಾರದಿಂದ ನೀವು ಆಫೀಸಿಗೇ ಬನ್ನಿ. ಸದ್ಯ ಆ ಸಾಲುಗಳನ್ನ ಮೊದಲಿನ ಹಾಗೇ ಹಾಕಿಬಿಡಿ, ವ್ಯಾನು ನಿಲ್ಲೋದು ಬೇಡ."

ಫಿರ್ದೌಸ್ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಒಳಗೆ ಹಾಲು ಉಕ್ಕಲು ಸಿದ್ಧವಾಗುತ್ತಿತ್ತು. ಹೋಗಿ ಒಲೆ ಆರಿಸಿ ಬಂದಳು. ಅಷ್ಟು ಹೊತ್ತಿನಲ್ಲಿ ಅವಳಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಸಾಲುಗಳನ್ನು ಮತ್ತೆ ಅಲ್ಲೇ ಹಾಕುವುದು ಅರ್ಧ ಗಳಿಗೆಯ ಕೆಲಸ. ಹಾಕಿದರೆ ಸತೀಶನ ಮಾತು ನಿಜವಾಗಿಯೇ ಉಳಿಯುತ್ತದೆ.

"ಸತೀಶಣ್ಣ, ನಾನು ಅವಳ ಪಕ್ಕದಲ್ಲೇ ಕೂತು, ಏ ನಿಲ್ಲು ಅಂದೆ ಅಂತಿಟ್ಟುಕೊಳ್ಳಿ. ಈ ಸಲ ಉಳೀತಿತ್ತು. ನಾನು ರಜಾ ಹಾಕಿದ ದಿನ? ಅವಳು ಮದುವೆಯಾಗಿ ಬೇರೆ ಕಡೆ ಹೋಗಿ, ಇನ್ನೊಬ್ಬಳು ಬಂದಾಗ? ಆಗಲೂ ಅದು ಯಾರದ್ದೋ ತಲೇಲೇ ಇರುತ್ತೆ. ತಲೆ ಶಿರಸಿಯಲ್ಲಿರುತ್ತೆ, ಅಷ್ಟೇ ವ್ಯತ್ಯಾಸ."

ಆ ಕಡೆ ಕೆಳಗಿನ ಅಂಗಡಿಯಲ್ಲಿ ಟಯರಿಗೆ ಗಾಳಿ ಹಾಕುವ ಶಬ್ದ ಕೇಳುತ್ತಿತ್ತು.

"ಹಾಗಾದ್ರೆ ಎಂತ ಮಾಡ್ತೀರಿ?"

"ಯಾರೂ ಯಾರಿಗೂ ಹೇಳಬೇಕಾಗದ ಹಾಗೆ ಮಾಡ್ತೀನಿ. ಎರಡು ದಿನ ಗೋದಾಮಿನವರು ಷರಾ ಓದಿ ಕೈಯಿಂದಲೇ ಬೇರೆ ಮಾಡಲಿ, ಮುಜೀಬ್ ಹತ್ರ ಹೇಳಿಸ್ತೀನಿ. ಶುಕ್ರವಾರ ಕಾವ್ಯಶ್ರೀ ಇದ್ದ ಕ್ಲಾಸುಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಸಲಿ. ಎಲ್ಲಾ ಅವಳೊಬ್ಬಳೇ. ನಾನು ಆ ದಿನ ಫೋನು ಎತ್ತಲ್ಲ. ಆದ್ರೆ ಕಾನಸೂರಿನ ಪಾರ್ಸೆಲ್ ಕಾನಸೂರಲ್ಲಿ ಇಳೀಬೇಕು."

"ಇಳೀದಿದ್ರೆ?"

"ಸೋಮವಾರ ಬಸ್ಸು ಹತ್ತುತ್ತೀನಿ," ಎಂದಳು. ಚಾಪೆಯ ಮೇಲೆ ಕೂತು ಸ್ಟೀಲಿನ ಡಬ್ಬಿಗಳನ್ನು ಒಂದರ ಮೇಲೊಂದು ಇಡುತ್ತಿದ್ದ ಸಮೀನಾ ತಲೆಯೆತ್ತಿ, "ಅಮ್ಮಿ, ಬಸ್ಸಲ್ಲಿ ಎಲ್ಲಿಗೆ?" ಎಂದಳು.

*

ಮೊದಲು ಹುಬ್ಬಳ್ಳಿಗೆ ಫೋನು ಮಾಡಿದಳು. ಇಷ್ಟು ದಿನ ಯಾರೂ ಮಾಡದ ಕೆಲಸ. ಆ ಕಂಪನಿಯಲ್ಲಿ ಸ್ಕೀಮಾ ನೋಡಿಕೊಳ್ಳುವವಳು ಪರಿಮಳಾ ಎಂಬಾಕೆ. ಗಟ್ಟಿ ದನಿಯವಳು.

"ಹೇಳ್ರಿ ಮೇಡಂ. ಮಂಜನ ಅಂಗಡಿ? ಅದೆಲ್ಲಿ ಬರ್ತೈತ್ರಿ?"

ಫಿರ್ದೌಸ್ ಎಲ್ಲ ವಿವರಿಸಿದಳು. ಬಸ್ಸಿನ ಕಂಡಕ್ಟರುಗಳ ಕಾಲದಿಂದ ಹೇಳಿದಳು. ಪರಿಮಳಾ ಬಿದ್ದು ಬಿದ್ದು ನಕ್ಕಳು.

"ನಿಮ್ಮ ಕಡೆ ಹಿಂಗ ಐತಿ ಅಂತ ನಮಗೇನ ಗೊತ್ರಿ! ನಾವು, ಇವರು ಷರಾದಾಗ ಇಷ್ಟ್ಯಾಕ ಕಥಿ ಬರೀತಾರ ಅಂತ ಆಡಿಕೊಂತ ಇದ್ವಿ. ಆದ್ರ ಮೇಡಂ, ನಮ್ಮ ಸ್ಕೀಮಾ ಎಲ್ಲಾ ಜಿಲ್ಲಾಕ್ಕೂ ಒಂದ. ಅದರಾಗ ಮಂಜನ ಅಂಗಡಿ ಹಾಕಿದ್ರ ನಾಳೆ ಗದಗಿನವರು ಬಂದು ನಮ್ಮ ಬಸಪ್ಪನ ಹೋಟ್ಲನೂ ಹಾಕ್ರಿ ಅಂತಾರ."

"ಬೇಡ, ಹಾಕಬೇಡಿ. ಷರಾ ಅನ್ನೋ ಜಾಗ ಮುಂದೆಯೂ ಇರುತ್ತಾ, ಅಷ್ಟು ಹೇಳಿ."

"ಇರ್ತೈತ್ರಿ. ಅದನ್ನ ತೆಗಿಯೋ ಹಂಗಿದ್ರ ನಿಮಗ ಮೊದಲ ತಿಳಿಸ್ತೀನಿ. ಬರಕೊಳ್ರಿ ನನ್ನ ನಂಬರು."

ಅಷ್ಟು ಸಾಕಾಗಿತ್ತು. ಟೂಲು ಬರೆಯುವ ಕ್ಲಾಸುಗಳು ಟೂಲಿಗೇ ಸೇರಲಿ ಎಂದು ಅವಳು ಅವಕ್ಕೊಂದು ಬೇರೆ ಫೋಲ್ಡರು ಮಾಡಿದಳು. ಪ್ರೋಗ್ರಾಂ ಕಟ್ಟುವಾಗಲೆಲ್ಲ ಆ ಫೋಲ್ಡರು ತಾನಾಗಿ ಖಾಲಿಯಾಗಿ, ಸ್ಕೀಮಾದಿಂದ ಮತ್ತೆ ತುಂಬಿಕೊಳ್ಳಬೇಕು. ಇನ್ನು ಯಾರಾದರೂ ಅಲ್ಲಿ ಕೈಯಾರೆ ಸಾಲು ಸೇರಿಸಿದರೆ ಒಂದು ದಿನವೂ ಉಳಿಯದು. ತಪ್ಪು ಮಾಡಿದವರಿಗೇ, ಮಾಡಿದ ಕೂಡಲೇ ಗೊತ್ತಾಗುತ್ತದೆ. ಅವಳ ತಪ್ಪು ವರ್ಷವಿಡೀ ಅಡಗಿ ಕೂರಲು ಜಾಗ ಸಿಕ್ಕಿದ್ದರಿಂದಲೇ ಇಷ್ಟೆಲ್ಲ ಆದದ್ದು. ನಂತರ ಆ ಫೋಲ್ಡರಿನ ಹೊರಗೆ ತನ್ನದೇ ಒಂದು ಸಣ್ಣ ಕ್ಲಾಸು ಬರೆದಳು. ಅದರ ಹೆಸರು ನಿಲುಗಡೆ. ಅದು ಟೂಲಿನ ಪಾರ್ಸೆಲ್ಲನ್ನು ಮುಟ್ಟುವುದಿಲ್ಲ, ಪಕ್ಕದಲ್ಲಿ ನಿಂತು ಊರನ್ನೂ ಷರಾವನ್ನೂ ಓದಿ, ಎಲ್ಲಿ ಇಳಿಸಬೇಕೆಂದು ಹೇಳುತ್ತದೆ. ದಾರಿಯ ಅಂಗಡಿಗಳ ಹೆಸರುಗಳು ಇನ್ನೊಂದು ಪುಟ್ಟ ಫೈಲಿನಲ್ಲಿ.

ಬರೆಯುವುದು ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ತಾನಿಲ್ಲ ಎಂದುಕೊಂಡು ಬರೆಯುವುದು. ಬಟ್ಟೆ ಒಣಹಾಕುವಾಗ, ಮೀನು ತೊಳೆಯುವಾಗ, ಮಗುವಿನ ತಲೆ ಬಾಚುವಾಗ ಅವಳು ಮನಸ್ಸಿನಲ್ಲೇ ಕಾವ್ಯಶ್ರೀಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಇಲ್ಲಿ ಅವಳಿಗೆ ಏನು ಗೊತ್ತಿರುತ್ತದೆ, ಏನು ಗೊತ್ತಿರುವುದಿಲ್ಲ? ಮೊದಲು ಫಿರ್ದೌಸ್, ಗೊತ್ತಿಲ್ಲದ ಷರಾ ಬಂದರೆ ಸುಮ್ಮನೆ ಸಿದ್ದಾಪುರ ಎಂದುಬಿಡಲಿ ಎಂದು ಬರೆದಿದ್ದಳು. ಗುರುವಾರ ಮಧ್ಯಾಹ್ನ ಸಮೀನಾಳನ್ನು ಮಲಗಿಸುತ್ತ ಅದು ಸರಿಯಲ್ಲ ಅನಿಸಿತು. ಗಂಗಜ್ಜಿಯ ಕನ್ನಡಕ ಹಾಗೆಯೇ ಅಲ್ಲವೆ ಸದ್ದಿಲ್ಲದೆ ಸಿದ್ದಾಪುರಕ್ಕೆ ಹೋದದ್ದು? ಮಗುವಿನ ಕೈಯನ್ನು ತನ್ನ ಸೆರಗಿನಿಂದ ಮೆಲ್ಲಗೆ ಬಿಡಿಸಿಕೊಂಡು ಎದ್ದುಬಂದು ತಿದ್ದಿದಳು. ಗೊತ್ತಿಲ್ಲದ ಷರಾ ಬಂದರೆ ಪ್ರೋಗ್ರಾಂ ನಿಲ್ಲಬೇಕು. ನಿಂತು, ಏನು ಗೊತ್ತಾಗಲಿಲ್ಲ, ಎಲ್ಲಿ ಸೇರಿಸಬೇಕು ಎಂದು ಸರಳ ಕನ್ನಡದಲ್ಲಿ ಹೇಳಬೇಕು.

ಸಂಜೆ ಕಾವ್ಯಶ್ರೀ ಫೋನು ಮಾಡಿದಳು. "ಅಕ್ಕಾ, ಸತೀಶಣ್ಣ ಹೇಳಿದ್ರು. ನಾಳೆ ನಾನೊಬ್ಳೇ ಅಂತೆ? ನನ್ನಿಂದಾನೇ ಅಲ್ವಾ ಇಷ್ಟೆಲ್ಲ ಆಗಿದ್ದು? ನಂಗೆ ಹೆದರಿಕೆ ಆಗ್ತದೆ."

"ನಿನ್ನಿಂದ ಏನೂ ಆಗಿಲ್ಲ, ಮಾರಾಯ್ತಿ. ನೀನು ಮಾಡಿದ್ದೇ ಸರಿ. ನಾಳೆಯೂ ಹಾಗೇ ಮಾಡು."

"ಎಂತಾದ್ರೂ ಹೆಚ್ಚುಕಮ್ಮಿ ಆದ್ರೆ ಒಂದು ಸಲ ಫೋನ್ ಎತ್ತಿ ಅಕ್ಕಾ, ಸತೀಶಣ್ಣಂಗೆ ಹೇಳೂದಿಲ್ಲೆ." ಅಷ್ಟರಲ್ಲಿ ಆಫೀಸಿನ ಫೋನಿಗೆ ಅವಳ ಮನೆಯಿಂದ ಕರೆ ಬಂತು. "ಆಯಿ, ಆನು ಇವತ್ತು ತಡ ಆಗಿ ಬತ್ತೆ, ಕಾಯಡ," ಎಂದು ಅದರಲ್ಲಿ ಹೇಳುವುದು ಫಿರ್ದೌಸಳಿಗೂ ಕೇಳಿಸಿತು. ಇವಳನ್ನೂ ಒಬ್ಬಳು ತಾಯಿ ಕಾಯುತ್ತಿದ್ದಾಳೆ. ಎತ್ತುತ್ತೇನೆ ಎಂದುಬಿಡಲು ಬಾಯಿವರೆಗೆ ಬಂದಿತ್ತು.

"ಇಲ್ಲ, ಎತ್ತಲ್ಲ," ಎಂದಳು.

*

ಶುಕ್ರವಾರ ಬೆಳಿಗ್ಗೆ ಮುಜೀಬ ಹೊರಟ ಮೇಲೆ ಫಿರ್ದೌಸ್ ಫೋನನ್ನು ಕಪಾಟಿನ ಮೇಲಿಟ್ಟು, ಹೊದಿಕೆಗಳನ್ನೆಲ್ಲ ಎಳೆದು ತೊಳೆಯಲು ಹಾಕಿದಳು. ಮಗುವಿನ ಹೊದಿಕೆಯಲ್ಲಿ ಧೂಳು ನಿಂತರೆ ಉಬ್ಬಸಕ್ಕೆ ಅದೇ ಸಾಕು. ಕೈ ಖಾಲಿ ಇರಬಾರದು ಎಂಬುದೂ ಒಂದು ಕಾರಣ.

ಕಾವ್ಯಶ್ರೀ ಕ್ಲಾಸುಗಳನ್ನು ಬರೆಸುವ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಂಡಿತು. ಜೊಹರಾ ಹಿತ್ತಲಿಗೆ ಬಂದಳು.

"ಫೋನು ಹೊಡ್ಕೊಳ್ತಾ ಇದೆ. ಕಿವಿ ಕೇಳಿಸಲ್ವಾ?"

"ಕೇಳಿಸ್ತು ಅಮ್ಮಿ. ಇವತ್ತು ಎತ್ತಬಾರದು."

"ಯಾಕೆ?"

"ಅದೇ ಇವತ್ತಿನ ಕೆಲಸ."

ಜೊಹರಾ ಸೊಂಟದ ಮೇಲೆ ಕೈಯಿಟ್ಟು ಸೊಸೆಯನ್ನು ದಿಟ್ಟಿಸಿದಳು. "ಯಾ ಅಲ್ಲಾ! ಹೋಗದೆ ಬರದೆ ಮಾಡೋ ಕೆಲಸ ನೋಡಿದ್ದೆ. ಈಗ ಫೋನು ಎತ್ತದೆ ಇರೋದೂ ಕೆಲಸವಾ? ಹಾಗಿದ್ರೆ ನನಗೂ ಒಂದು ಕೊಡಿಸು, ನಿನಗಿಂತ ಚೆನ್ನಾಗಿ ಮಾಡ್ತೀನಿ."

ಫೋನು ನಿಂತಿತು. ಇನ್ನೇನು ನಿಟ್ಟುಸಿರು ಬಿಡಬೇಕು, ಮತ್ತೆ ಹೊಡೆದುಕೊಂಡಿತು. ಸಮೀನಾ ಓಡಿಬಂದು, "ಅಮ್ಮಿ, ಫೋನು ಅಳ್ತಾ ಇದೆ," ಎಂದಳು. ಫಿರ್ದೌಸಳ ಕೈ ಸೋಪಿನ ನೀರಿನಲ್ಲೇ ನಿಂತಿತು. ಎದ್ದು ಹೋಗಿ ಎತ್ತಿದರೆ ಒಂದು ಮಾತಿನಲ್ಲಿ ಮುಗಿಯುತ್ತದೆ. ಆ ಹುಡುಗಿ ಹೆದರುವುದು ತಪ್ಪುತ್ತದೆ. ಸತೀಶನಿಗೆ ತಿಳಿಯುವುದೂ ಇಲ್ಲ. ಆದರೆ ತನಗೆ ತಿಳಿದಿರುತ್ತದೆ. ಮುಂದೆ ಪ್ರತಿ ಸಲವೂ ಆ ಫೋನು ಬರುತ್ತದೆ. ಒಂದು ದಿನ ಮಗು ಹೆಗಲ ಮೇಲಿರುವಾಗಲೇ ಬರುತ್ತದೆ.

ಅವಳು ಹೊದಿಕೆಯನ್ನು ಹಿಂಡಿದಳು. ಒಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಹಿಂಡಿ, ಕೊಡವಿ, ತಂತಿಯ ಮೇಲೆ ಹರವಿದರು. ಅಷ್ಟರಲ್ಲಿ ಫೋನು ಸುಮ್ಮನಾಗಿತ್ತು. ಮತ್ತೆ ಬಡಿಯಲಿಲ್ಲ. ಬಡಿಯುತ್ತಿದ್ದಾಗ ಇದ್ದ ಸಂಕಟಕ್ಕಿಂತ ಆಮೇಲೆ ಅದು ಬಡಿಯದೆ ಇದ್ದ ಸಂಕಟ ಇನ್ನೂ ಹೆಚ್ಚಾಗಿತ್ತು. ಕೆಲಸ ಸರಿಹೋಯಿತೋ, ಹುಡುಗಿ ಕೈಚೆಲ್ಲಿ ಕೂತಳೋ, ಸೋಮವಾರದ ಬಸ್ಸು ನಿಜವಾಯಿತೋ, ಯಾವುದೂ ತಿಳಿಯದು. ಮಧ್ಯಾಹ್ನ ಮಗುವನ್ನು ಮಲಗಿಸುವಾಗ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಅದರ ಬೆನ್ನು ತಟ್ಟುತ್ತ ಕೂತಳು. ಉಸಿರು ಸಮವಾಗಿತ್ತು.

ಸಂಜೆ ಮುಜೀಬನ ವ್ಯಾನು ಬಾಗಿಲಲ್ಲಿ ನಿಂತಾಗ ಅವಳು ಹೊಸಿಲು ದಾಟಿ ಬಂದಿದ್ದಳು. ಅವನು ಬೇಕೆಂದೇ ನಿಧಾನವಾಗಿ ಇಳಿದ, ನಿಧಾನವಾಗಿ ಬಾಗಿಲು ಹಾಕಿದ, ಟಯರನ್ನೊಮ್ಮೆ ಒದ್ದು ನೋಡಿದ.

"ರೀ!"

"ಏನು?"

"ಕಾನಸೂರು?"

"ಕಾನಸೂರು ಅಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ," ಎಂದ. ಅವಳ ಮುಖ ನೋಡಿ ಮುಂದೆ ಆಟವಾಡಿಸುವ ಮನಸ್ಸಾಗಲಿಲ್ಲ. "ಎಲ್ಲಾ ಸರಿಯಾಗಿ ಇಳೀತು. ಮಂಜ ಇವತ್ತು ಚಾ ಅವನೇ ಕೊಟ್ಟ. ಕೋಲಸಿರ್ಸಿಯಲ್ಲೂ ಒಂದು ಇಳಿಸಿದೆ, ತನುಜಾ ಅವರ ಹಿಟ್ಟಿನ ಗಿರಣಿಗೆ ಬೆಲ್ಟು."

"ಕೋಲಸಿರ್ಸಿ?" ಫಿರ್ದೌಸ್ ನಿಂತಲ್ಲೇ ನಿಂತಳು. "ಕೋಲಸಿರ್ಸಿಯನ್ನ ನಾನು ಹಾಕೇ ಇರಲಿಲ್ಲ."

"ನೀನು ಹಾಕಿಲ್ಲದಿದ್ರೆ ಯಾರು ಹಾಕಿದ್ರೋ. ನನ್ನ ಮೊಬೈಲಲ್ಲಿ ಕೋಲಸಿರ್ಸಿ ಗಿರಣಿ ಅಂತ ಬಂತು, ನಿಲ್ಲಿಸಿದೆ, ಇಳಿಸಿದೆ, ಬಂದೆ."

ಅವನು ಕೈಕಾಲು ತೊಳೆಯಲು ಹೋದ. ಅವಳು ಕಪಾಟಿನ ಮೇಲಿಂದ ಫೋನು ತೆಗೆಯುವಷ್ಟರಲ್ಲಿ ಸತೀಶನದೇ ಕರೆ ಬಂತು.

"ಈಗಾದ್ರೂ ಎತ್ತಿದ್ರಲ್ಲ," ಎಂದ. ದನಿ ಸಣ್ಣದಿರಲಿಲ್ಲ, ಮಾಮೂಲಿಗಿಂತ ಗಟ್ಟಿಯಾಗಿಯೇ ಇತ್ತು. "ಬೆಳಿಗ್ಗೆ ಪ್ರೋಗ್ರಾಂ ನಿಂತುಬಿಡ್ತು, ಗೊತ್ತುಂಟಾ? ಕೋಲಸಿರ್ಸಿ ಗಿರಣಿ ಅಂತ ಒಂದು ಷರಾ. ಇವಳು ನಿಮಗೆ ಎರಡು ಸಲ ಫೋನು ಮಾಡಿದ್ಳು. ನಂಗೆ ನಿಮ್ಮ ಮೇಲೆ ಎಂಥ ಸಿಟ್ಟು ಬಂತು ಅಂದ್ರೆ! ಆಯ್ತು, ಮುಗೀತು, ಸೋಮವಾರ ಬರ್ಲಿ ಅಂದ್ಕಂಡೆ. ನಾನು ಚಾ ತರೋಕೆ ಕೆಳಗೆ ಹೋಗಿ ಬರೋದ್ರೊಳಗೆ, ಸ್ಕ್ರೀನ್ ಮೇಲೆ ನೀವು ಬರೆದದ್ದನ್ನ ಓದಿಕೊಂಡು ಇವಳೇ ಸೇರಿಸಿ ಮುಗಿಸಿದ್ದಾಳೆ. ಸರಿಯಾಯ್ತಾ ಅಂತ ನನ್ನನ್ನೂ ಕೇಳಲಿಲ್ಲೆ."

ಫಿರ್ದೌಸ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಕೇಳ್ತಾ ಇದ್ದೀರಾ? ಸೋಮವಾರ ಬರೋದು ಬೇಡ. ಮಂಗಳವಾರವೂ ಬೇಡ. ನೀವು ಅಲ್ಲೇ ಇರಿ, ಇನ್ನು ನೋಡೋಣ ಗೀಡೋಣ ಅಂತ ನಾನು ಹೇಳೂದಿಲ್ಲ. ಮಗು ಹುಷಾರಾಗಿ ಇದೆಯಲ್ಲ?"

"ಹುಷಾರಾಗಿದೆ, ಸತೀಶಣ್ಣ."

"ಒಂದೇ ತಾಪತ್ರಯ. ಕಾವ್ಯಶ್ರೀ ಈಗ ಬಂದು, ಅಕ್ಕನ ಹಾಗೆ ನಾನೂ ಮನೆಯಿಂದ ಮಾಡ್ಲಾ ಅಂತ ಕೇಳ್ತಾ ಇದ್ದಾಳೆ. ನಾನೊಬ್ಬನೇ ಇಲ್ಲಿ ಕೂತು ಟಯರಿಗೆ ಗಾಳಿ ಹಾಕಲಾ?"

"ಅದಕ್ಕೂ ಒಂದು ಟೂಲು ಇರಬಹುದು, ನೋಡಿ," ಎಂದಳು ಫಿರ್ದೌಸ್. ಆ ಕಡೆ ಸತೀಶ ಜೋರಾಗಿ ನಕ್ಕ.

ಅವನು ಫೋನು ಇಟ್ಟ ಮೇಲೆ ಅವಳು ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದಳು. ಮನಸ್ಸು ಹಗುರವಾಗಿತ್ತು. ಆ ಹಗುರದ ಒಳಗೆ ಎಲ್ಲೋ ಒಂದು ಸಣ್ಣ ಖಾಲಿತನವೂ ಇತ್ತು. ತನ್ನನ್ನು ಕೇಳದೆ ಒಂದು ಊರು ಸೇರಿಕೊಂಡಿತ್ತು. ಆಗಬೇಕೆಂದು ತಾನೇ ಬಯಸಿದ್ದೂ ಅದನ್ನೇ. ಒಳಗೆ ಜೊಹರಾ ಮಗನಿಗೆ, ಸೊಸೆ ಇಡೀ ದಿನ ಫೋನು ಎತ್ತದೆ ಸಂಬಳ ದುಡಿದ ಕಥೆಯನ್ನು ಬಣ್ಣ ಕಟ್ಟಿ ಹೇಳುತ್ತಿದ್ದಳು. ಸಮೀನಾ ಅಪ್ಪನ ತೊಡೆಯೇರಿ ನಡುನಡುವೆ ಫೋನಿನ ಸದ್ದು ಮಾಡಿ ತೋರಿಸುತ್ತಿದ್ದಳು.

ಫಿರ್ದೌಸ್ ಕಾವ್ಯಶ್ರೀಗೆ ಫೋನು ಮಾಡಿದಳು. ಮೊದಲ ರಿಂಗಿಗೇ ಎತ್ತಿದಳು ಹುಡುಗಿ. "ಅಕ್ಕಾ! ನಾನು ಸೇರಿಸಿದ್ದು ಸರಿಯಾಗಿತ್ತಾ?"

"ಸರಿಯೋ ತಪ್ಪೋ ನಂಗೇನು ಗೊತ್ತು, ನಾನಿನ್ನೂ ನೋಡಿಲ್ಲ," ಎಂದು ಫಿರ್ದೌಸ್ ಮಂಚದ ಅಂಚಿನಲ್ಲಿ ಕೂತಳು. "ನೀನೇ ಹೇಳು. ಮೊದಲಿನಿಂದ ಹೇಳು. ಸ್ಕ್ರೀನಲ್ಲಿ ಏನು ಬಂತು, ನೀನು ಏನು ಮಾಡಿದೆ?"

ಕಾವ್ಯಶ್ರೀ ಉಸಿರೆಳೆದುಕೊಂಡು ಹೇಳತೊಡಗಿದಳು. ಫಿರ್ದೌಸ್ ನಡುವೆ ಬಾಯಿ ಹಾಕದೆ ಕೇಳಿದಳು.